ಯಾರ್ಕ್‌ನಲ್ಲಿ ನಾಲ್ಕು ದಿನ, ಗೆಳೆಯನ ಮನೆಯಲ್ಲಿ

(ನಮ್ಮೂರಿನ ಗ್ರಂಥಾಲಯದಲ್ಲಿ ಒಂದು ಭಾನುವಾರ ಆಡಿದ ಮಾತುಗಳ ಬರಹ ರೂಪ ಇದು. ಅವತ್ತು ಸಮಯ ಸಾಲದೆ ಬಿಟ್ಟಿದ್ದ ಒಂದೆರಡು ವಿಷಯವನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಫೋಟೋ ತೋರಿಸ್ತೀರಾ ಅಂತ ಬಾಗಿಲಲ್ಲೇ ಒಬ್ಬರು ಕೇಳಿದರು. ಇವತ್ತು ಫೋಟೋ ಇಲ್ಲ. ಯಾರ್ಕ್ ಅಂತ ಫೋನಿನಲ್ಲಿ ಹುಡುಕಿದರೆ ಚಂದದ ಫೋಟೋ ಬೇಕಾದಷ್ಟು ಸಿಗುತ್ತವೆ. ನಾನು ಹೇಳಬೇಕು ಅಂತ ಬಂದಿರುವುದು ಅಲ್ಲಿ ಕಾಣದ ವಿಷಯ.

ನಾನು ಇಂಗ್ಲೆಂಡಿನ ಯಾರ್ಕ್‌ಗೆ ಹೋಗಿದ್ದು ಗೆಳೆಯನನ್ನು ನೋಡಲಿಕ್ಕೆ. ಊರು ನೋಡಿದ್ದು ಅದರ ಜೊತೆಗೆ ಆಯಿತು. ನಾವಿಬ್ಬರೂ ಶಿವಮೊಗ್ಗದಲ್ಲಿ ಒಂದೇ ಹಾಸ್ಟೆಲಿನಲ್ಲಿದ್ದವರು. ಅವನು ಸಾಗರದ ಕಡೆಯವನು. ಈಗ ಯಾರ್ಕ್‌ನ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುತ್ತಾನೆ. ಅವನ ತಾಯಿ 2021ರಲ್ಲಿ ತೀರಿಕೊಂಡರು. ಆಗಿನ ಪರಿಸ್ಥಿತಿ ನಿಮಗೆಲ್ಲ ಗೊತ್ತು, ಅವನಿಗೆ ಬರಲಿಕ್ಕೇ ಆಗಲಿಲ್ಲ. ಅವರ ಮನೆಗೆ ನಾನು ಹೋಗಿದ್ದೆ. ಅದಾದ ಮೇಲೆ ನಮ್ಮಿಬ್ಬರ ನಡುವೆ ಫೋನು ಕಡಿಮೆಯಾಯಿತು. ಜಗಳ ಏನೂ ಇರಲಿಲ್ಲ. ಏನು ಮಾತಾಡಬೇಕು ಅಂತ ಇಬ್ಬರಿಗೂ ಗೊತ್ತಾಗುತ್ತಿರಲಿಲ್ಲ, ಅಷ್ಟೇ.

ಮೊನ್ನೆ ಮಾರ್ಚ್‌ನಲ್ಲಿ ಲಂಡನ್ನಿಗೆ ಹೋಗುವ ಕೆಲಸ ಬಿತ್ತು. ವಿಷಯ ಗೊತ್ತಾಗಿ ಅವನ ಅಕ್ಕ ಮನೆಗೆ ಬಂದರು. ಹಳೆ ಸೀರೆಯ ತುಂಡಿನಲ್ಲಿ ಸುತ್ತಿದ್ದ ಹಿತ್ತಾಳೆಯ ಕಾಫಿ ಫಿಲ್ಟರ್ ಕೊಟ್ಟು, ಅಮ್ಮನದು, ಅವನಿಗೆ ತಲುಪಿಸು ಅಂದರು. ಅದರ ಮುಚ್ಚಳ ಎಲ್ಲೋ ಕಳೆದುಹೋಗಿತ್ತು. ಅದನ್ನು ಕೈಚೀಲದಲ್ಲಿಟ್ಟುಕೊಂಡೇ ವಿಮಾನ ಹತ್ತಿದೆ.

ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಿಂದ ಯಾರ್ಕ್ ಸುಮಾರು 300 ಕಿಲೋಮೀಟರ್. ರೈಲಿನಲ್ಲಿ ಎರಡು ಗಂಟೆ ಸಾಕು. ಹೋಗುವವರು ಟಿಕೆಟ್ ಮುಂಚೆಯೇ ತೆಗೆದುಕೊಳ್ಳಿ. ಅವತ್ತೇ ಕೊಂಡರೆ ತುಂಬಾ ಜಾಸ್ತಿ ಆಗುತ್ತದೆ. ಇಳಿದ ತಕ್ಷಣ ಒಮ್ಮೆ ತಲೆ ಎತ್ತಿ ನಿಲ್ದಾಣದ ಚಾವಣಿ ನೋಡಿ. 1877ರದ್ದು ಅದು. ಕಬ್ಬಿಣ, ಗಾಜಿನ ಕಮಾನುಗಳು ಹಳಿಯ ಜೊತೆಗೇ ಬಾಗಿಕೊಂಡು ಹೋಗುತ್ತವೆ. ಆ ಕಮಾನಿನ ಕೆಳಗೆ ಗೆಳೆಯ ನಿಂತಿದ್ದ. ಕೂದಲು ನರೆತಿತ್ತು. ಚೀಲ ಕೊಡು ಅಂದ. ಕೈಚೀಲ ಮಾತ್ರ ನಾನೇ ಹಿಡಿದುಕೊಂಡೆ.

ಅವನ ಮನೆ ಬಿಷಪ್‌ತೋರ್ಪ್ ರಸ್ತೆಯ ಕಡೆ. ಒಂದಕ್ಕೊಂದು ಅಂಟಿಕೊಂಡ ಕೆಂಪು ಇಟ್ಟಿಗೆಯ ಸಾಲುಮನೆಗಳು. ಹತ್ತಿರದಲ್ಲೇ ರೌನ್‌ಟ್ರೀ ಪಾರ್ಕ್ ಅಂತ ದೊಡ್ಡ ಉದ್ಯಾನ, ಅದರಾಚೆ ಊಸ್ ನದಿ. ಸಂಜೆ ನಡೆಯಲು ಹೋದರೆ ಪಾರ್ಕಿನ ಅರ್ಧ ನೀರಿನಲ್ಲಿತ್ತು. ಬೆಂಚಿನ ಬೆನ್ನು ಮಾತ್ರ ಮೇಲೆ ಕಾಣುತ್ತಿತ್ತು. ನನಗೆ ಗಾಬರಿ. ಅಲ್ಲಿನ ಜನ ಮಾತ್ರ ನಾಯಿ ಹಿಡಿದುಕೊಂಡು ಬೇರೆ ದಾರಿಯಲ್ಲಿ ಸುತ್ತಿಕೊಂಡು ಹೋಗುತ್ತಿದ್ದರು. ಮಳೆಯೇ ಇಲ್ಲವಲ್ಲ ಅಂದೆ. ಮಳೆ ಇಲ್ಲಿ ಬೀಳಬೇಕಾಗಿಲ್ಲ ಅಂದ. ವಾಯವ್ಯದ ಗುಡ್ಡಗಳಲ್ಲಿ ಸ್ವೇಲ್, ಯೂರ್, ನಿಡ್ ಅಂತ ನದಿಗಳಿವೆ. ಅಲ್ಲಿ ಜೋರು ಮಳೆಯಾದರೆ ಆ ನೀರೆಲ್ಲ ಕೂಡಿ ಊಸ್ ಆಗಿ ಒಂದೆರಡು ದಿನ ಬಿಟ್ಟು ಯಾರ್ಕ್‌ಗೆ ಬರುತ್ತದೆ. ಬಿಸಿಲಿದ್ದರೂ ನೆರೆ ಬರಬಹುದು.

ಈ ಊರನ್ನು ಅರ್ಥ ಮಾಡಿಕೊಳ್ಳಲು ನನಗೆ ಸಿಕ್ಕ ಮೊದಲ ಎಳೆ ಆ ಪಾರ್ಕ್. ಊರಿನೊಳಗೆ ಫಾಸ್ ಅಂತ ಇನ್ನೊಂದು ಸಣ್ಣ ನದಿ ಬಂದು ಊಸ್ ಸೇರುತ್ತದೆ. ಊಸ್ ಉಕ್ಕಿದರೆ ನೀರು ಹಿಂದಕ್ಕೆ ಫಾಸ್‌ಗೆ ನುಗ್ಗುತ್ತದೆ. ಅದನ್ನು ತಡೆಯಲು ಎರಡೂ ಸೇರುವ ಕಡೆ ಒಂದು ದೊಡ್ಡ ಕಬ್ಬಿಣದ ಬಾಗಿಲು ಮಾಡಿದ್ದಾರೆ. ಬಾಗಿಲು ಇಳಿಸಿದ ಮೇಲೆ ಫಾಸ್‌ನ ನೀರನ್ನು ಪಂಪುಗಳು ಎತ್ತಿ ಊಸ್‌ಗೆ ಹಾಕಬೇಕು. 2015ರ ಕ್ರಿಸ್‌ಮಸ್ ಮರುದಿನ ಫಾಸ್‌ನಲ್ಲಿ ಪಂಪುಗಳು ತಡೆಯಲಾರದಷ್ಟು ನೀರು ಬಂತು, ಪಂಪಿನ ಕಟ್ಟಡದೊಳಕ್ಕೂ ನುಗ್ಗಿತು, ಕೊನೆಗೆ ಬಾಗಿಲನ್ನೇ ಎತ್ತಬೇಕಾಯಿತು. ನೂರಾರು ಮನೆ, ಅಂಗಡಿಗಳು ಮುಳುಗಿದವು. ಆಮೇಲೆ ಪಂಪುಗಳನ್ನು ಇನ್ನಷ್ಟು ಬಲಪಡಿಸಿದರು. ಪಾರ್ಕ್ ಸಹ ಹಾಗೆಯೇ. ಮುಳುಗುತ್ತದೆ, ನೀರಿಳಿದ ಮೇಲೆ ಕೆಸರು ತೆಗೆಯುತ್ತಾರೆ, ಗಿಡ ನೆಡುತ್ತಾರೆ.

ನಮ್ಮ ಮಲೆನಾಡಿನವರಿಗೆ ಇದು ಚೆನ್ನಾಗಿ ಗೊತ್ತಿರುವ ಕೆಲಸ. ಗೆಳೆಯನೇ ಹೇಳಿದ: "ಮಳೆಗಾಲ ಶುರುವಾಗೋ ಮುಂಚೆ ಅಪ್ಪ ಮಾಡು ಹತ್ತಿ ಹಂಚು ಕೈಯಾಡಿಸ್ತಿದ್ರಲ್ಲ, ನೆನಪಿದೆಯಾ? ಒಡೆದದ್ದು ತೆಗೆದು ಬೇರೆ ಇಡೋದು. ಯಾವತ್ತೂ ಮುಗಿಯಲ್ಲ ಅದು. ಈ ಊರಲ್ಲೂ ಅದೇ ನಡೆಯುತ್ತೆ." ಆ ಮಾತು ನನ್ನ ತಲೆಯಲ್ಲಿ ನಿಂತಿತು. ಮುಂದಿನ ಮೂರು ದಿನ ನಾನು ನೋಡಿದ್ದೆಲ್ಲ ಹಂಚು ಕೈಯಾಡಿಸುವ ಕೆಲಸವೇ.

ಅವನಿಗೆ ರಾತ್ರಿ ಪಾಳಿ ಇತ್ತು. ಹಗಲು ಅವನು ಮಲಗುತ್ತಿದ್ದ, ನಾನು ಒಬ್ಬನೇ ತಿರುಗುತ್ತಿದ್ದೆ. ಒಂದು ಹಾಳೆಯ ಮೇಲೆ ಕೈಯಲ್ಲೇ ನಕ್ಷೆ ಬರೆದುಕೊಟ್ಟ. ಅದರ ಮೇಲುಗಡೆ ದೊಡ್ಡದಾಗಿ "ಗೇಟ್ ಅಂದ್ರೆ ಬೀದಿ, ಬಾರ್ ಅಂದ್ರೆ ಬಾಗಿಲು" ಅಂತ ಬರೆದಿದ್ದ. ಇದು ತಿಳಿಯದಿದ್ದರೆ ಯಾರ್ಕ್‌ನಲ್ಲಿ ದಾರಿ ತಪ್ಪುವುದು ಖಂಡಿತ. 866ರಲ್ಲಿ ಸ್ಕ್ಯಾಂಡಿನೇವಿಯಾ ಕಡೆಯಿಂದ ಹಡಗಿನಲ್ಲಿ ದಾಳಿಗೆ ಬಂದ ವೈಕಿಂಗರು ಈ ಊರು ಹಿಡಿದರು. ಅವರ ಭಾಷೆಯಲ್ಲಿ ಬೀದಿಗೆ 'ಗಾಟ' ಅನ್ನುತ್ತಿದ್ದರು. ಅದೇ ಇವತ್ತಿನ ಗೇಟ್. ಕಾಪರ್‌ಗೇಟ್ ಅಂದರೆ ಮರದ ಬಟ್ಟಲು ಮಾಡುವವರ ಬೀದಿ, ತಾಮ್ರಕ್ಕೂ ಅದಕ್ಕೂ ಸಂಬಂಧವಿಲ್ಲ. ಮಿಕಲ್‌ಗೇಟ್ ಅಂದರೆ ದೊಡ್ಡ ಬೀದಿ. ನಿಜವಾದ ಕೋಟೆ ಬಾಗಿಲುಗಳಿಗೆ ಬಾರ್ ಅನ್ನುತ್ತಾರೆ: ಬೂಥಮ್ ಬಾರ್, ಮಾಂಕ್ ಬಾರ್, ವಾಮ್‌ಗೇಟ್ ಬಾರ್, ಮಿಕಲ್‌ಗೇಟ್ ಬಾರ್. ಅಕ್ಕಿಪೇಟೆ, ಬಳೇಪೇಟೆ ಅಂತ ಹೆಸರು ಹೇಳುತ್ತಲೇ ಬೆಂಗಳೂರಿನ ಹಳೆ ಕಸುಬುಗಳು ಕಣ್ಮುಂದೆ ಬರುತ್ತವೆ ಅಲ್ವಾ, ಅದೇ ಥರ.

ಗೋಡೆಯ ವಿಷಯಕ್ಕೆ ಬರುತ್ತೇನೆ. ಊರಿನ ಸುತ್ತ ಸುಮಾರು 3.4 ಕಿಲೋಮೀಟರ್ ಕಲ್ಲಿನ ಗೋಡೆ ಉಳಿದಿದೆ. ಇಂಗ್ಲೆಂಡಿನಲ್ಲಿ ಇಷ್ಟು ಉದ್ದದ ಊರಗೋಡೆ ಬೇರೆಲ್ಲೂ ಉಳಿದಿಲ್ಲ. ಮೇಲೆ ಹತ್ತಿ ನಡೆಯಬಹುದು, ದುಡ್ಡು ಕೊಡಬೇಕಾಗಿಲ್ಲ. ನಿಧಾನಕ್ಕೆ ನಡೆದರೆ ಎರಡು ಗಂಟೆ ಬೇಕು. ಹಲವು ಕಡೆ ಒಂದು ಬದಿಗೆ ಕಂಬಿ ಇಲ್ಲ, ಮಕ್ಕಳಿದ್ದರೆ ಕೈ ಬಿಡಬೇಡಿ. ಮಾರ್ಚ್ ಕೊನೆಗೆ ಗೋಡೆಯ ಕೆಳಗಿನ ಹುಲ್ಲಿನ ಇಳಿಜಾರು ಪೂರ್ತಿ ಹಳದಿ ಡ್ಯಾಫೋಡಿಲ್ ಹೂವಿನಿಂದ ತುಂಬಿರುತ್ತದೆ. ನಾನು ಬೆಳಿಗ್ಗೆ ಎಂಟಕ್ಕೆ ಹತ್ತಿದ್ದೆ. ಶಾಲೆಗೆ ಹೋಗುವ ಮಕ್ಕಳು, ಕೆಲಸಕ್ಕೆ ಹೋಗುವವರು ಅದರ ಮೇಲೇ ಓಡಾಡುತ್ತಿದ್ದರು.

ಈ ಗೋಡೆ ಉಳಿದಿದ್ದೇ ಒಂದು ಕಥೆ. 1800ರಲ್ಲಿ ಊರಿನ ಆಡಳಿತದವರು ಇದನ್ನು ಕೆಡವಲು ಪಾರ್ಲಿಮೆಂಟಿನ ಅನುಮತಿ ಪಡೆಯಲು ಹೊರಟಿದ್ದರು. ಹಳೆಯದು, ದಾರಿಗೆ ಅಡ್ಡ, ರಿಪೇರಿಗೆ ಖರ್ಚು ಅಂತ ಅವರ ವಾದ. ಈ ಮೂರೂ ಮಾತು ನಾವು ಎಷ್ಟು ಸಲ ಕೇಳಿಲ್ಲ ಹೇಳಿ? ಊರಿನ ಜನ ಒಪ್ಪಲಿಲ್ಲ. ಯಾರ್ಕ್‌ನಲ್ಲೇ ಹುಟ್ಟಿದ ಚಿತ್ರಕಾರ ವಿಲಿಯಂ ಎಟ್ಟಿ ಗೋಡೆ ಉಳಿಸಲು ಗಟ್ಟಿಯಾಗಿ ದನಿ ಎತ್ತಿದ. ಎಲ್ಲವೂ ಉಳಿಯಲಿಲ್ಲ. ಬಾಗಿಲುಗಳ ಮುಂದೆ ಬಾರ್ಬಿಕನ್ ಅಂತ ಉದ್ದನೆಯ ರಕ್ಷಣಾ ಕಟ್ಟೆಗಳಿದ್ದವು, ಅವನ್ನು ಒಂದೊಂದಾಗಿ ಕೆಡವಿದರು. ವಾಮ್‌ಗೇಟ್ ಬಾರ್‌ನದ್ದು ಮಾತ್ರ ನಿಂತಿದೆ. ಎಟ್ಟಿಯ ಪ್ರತಿಮೆ ಅಲ್ಲಿನ ಕಲಾ ಗ್ಯಾಲರಿಯ ಮುಂದಿದೆ. ಹೋದರೆ ಅವನ ಮುಂದೆ ಒಂದು ನಿಮಿಷ ನಿಲ್ಲಿ.

ಇನ್ನು ಮಿನ್‌ಸ್ಟರ್. ಯಾರ್ಕ್‌ನ ದೊಡ್ಡ ಚರ್ಚು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ದಯವಿಟ್ಟು ಕೇಳಿ. ಈಗಿರುವ ಕಟ್ಟಡ ಶುರುವಾಗಿದ್ದು 1220ರ ಸುಮಾರಿಗೆ, ಮುಗಿದಿದ್ದು 1472ಕ್ಕೆ. ಎರಡೂವರೆ ಶತಮಾನ! ತಾನು ಇಟ್ಟ ಕಲ್ಲಿನ ಮೇಲೆ ಗೋಪುರ ಏಳುವುದನ್ನು ತನ್ನ ಮೊಮ್ಮಗನೂ ನೋಡುವುದಿಲ್ಲ ಅಂತ ಗೊತ್ತಿದ್ದೂ ಒಬ್ಬ ಕಲ್ಲುಕುಟಿಗ ಅಷ್ಟು ಅಚ್ಚುಕಟ್ಟಾಗಿ ಎಲೆ, ಬಳ್ಳಿ ಕೆತ್ತಿದ್ದಾನೆ ಅಂದರೆ ನನಗೆ ಈಗಲೂ ಮೈ ಜುಂ ಅನ್ನುತ್ತದೆ. ಸುಣ್ಣಕಲ್ಲು, ಬೆಣ್ಣೆ ಬಣ್ಣ. ಸಂಜೆ ಬಿಸಿಲಿಗೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಆದರೆ ಈ ಕಲ್ಲು ಮಳೆ, ಹೊಗೆಗೆ ಸವೆಯುತ್ತದೆ. ಹಾಗಾಗಿ ಮಿನ್‌ಸ್ಟರಿಗೆ ತನ್ನದೇ ಕಲ್ಲುಕುಟಿಗರಿದ್ದಾರೆ. ಸವೆದ ಕಲ್ಲು ತೆಗೆದು, ಅದೇ ಅಳತೆಯ ಹೊಸದು ಕೆತ್ತಿ ಇಡುವುದು ಅವರ ನಿತ್ಯದ ಕೆಲಸ.

ಪೂರ್ವದ ಗೋಡೆಯಲ್ಲಿ ಒಂದು ಬಣ್ಣದ ಗಾಜಿನ ಕಿಟಕಿ ಇದೆ. ಕಿಟಕಿ ಅಂದರೆ ಮನಸ್ಸಿಗೆ ಬರುವ ಅಳತೆಯೇ ಬೇರೆ, ಇದು ಒಂದು ಟೆನಿಸ್ ಅಂಗಳದಷ್ಟಿದೆ. ಒಟ್ಟು 311 ಗಾಜಿನ ಚಿತ್ರಫಲಕಗಳು. ಲೋಕದ ಹುಟ್ಟಿನಿಂದ ಲೋಕದ ಕೊನೆಯವರೆಗಿನ ಬೈಬಲ್ ಕಥೆ. ಮಾಡಿದವನು ಜಾನ್ ಥಾರ್ನ್‌ಟನ್ ಅನ್ನುವ ಕಸುಬಿ. 1405ರಿಂದ 1408ರ ತನಕ ಮೂರು ವರ್ಷದಲ್ಲಿ ಮುಗಿಸಿಕೊಟ್ಟ. ಸಂಭಾವನೆ 56 ಪೌಂಡ್. ನಮ್ಮ ಕಾಲದಲ್ಲಿ ಇದರ ರಿಪೇರಿ ಶುರು ಮಾಡಿ, ಒಂದೊಂದೇ ಫಲಕ ಬಿಚ್ಚಿ, ತೊಳೆದು, ಸೀಸದ ಪಟ್ಟಿ ಬದಲಿಸಿ ಮತ್ತೆ ಪೂರ್ತಿ ಕೂರಿಸುವ ಹೊತ್ತಿಗೆ 2018 ಆಗಿತ್ತು. ಅಂದರೆ ಮಾಡಲು ಮೂರು ವರ್ಷ, ಸರಿ ಮಾಡಲು ಹತ್ತು ವರ್ಷದಷ್ಟು. ಒಬ್ಬನ ಕೆಲಸ ಕೆಡದ ಹಾಗೆ ಸರಿ ಮಾಡುವುದು ಹೊಸದು ಮಾಡುವುದಕ್ಕಿಂತ ಕಷ್ಟ. ಮನೆ ರಿಪೇರಿ ಮಾಡಿಸಿದವರಿಗೆ ಇದು ಗೊತ್ತು.

ಈ ಕಟ್ಟಡ ಬೆಂಕಿಯನ್ನೂ ಕಂಡಿದೆ. 1829ರಲ್ಲಿ ಜೊನಾಥನ್ ಮಾರ್ಟಿನ್ ಅನ್ನುವವನು ಸಂಜೆ ಪ್ರಾರ್ಥನೆ ಮುಗಿದ ಮೇಲೆ ಒಳಗೇ ಅಡಗಿ ಕೂತು ರಾತ್ರಿ ಬೆಂಕಿ ಇಟ್ಟ. 1840ರಲ್ಲಿ ಮತ್ತೆ ಬೆಂಕಿ. 1984ರ ಜುಲೈ 9ರ ನಸುಕಿನಲ್ಲಿ ಇನ್ನೊಂದು, ಸಿಡಿಲಿನಿಂದ ಆಗಿರಬೇಕು ಅಂತ ಹೇಳುತ್ತಾರೆ. ದಕ್ಷಿಣ ಭಾಗದ ಚಾವಣಿ ಹೊತ್ತಿ ಉರಿಯಿತು. ಬೆಂಕಿ ಉಳಿದ ಕಡೆಗೆ ಹಬ್ಬಬಾರದು ಅಂತ ಅಗ್ನಿಶಾಮಕದವರು ನೀರು ಹೊಡೆದು ಆ ಚಾವಣಿಯನ್ನು ಬೇಕಂತಲೇ ಬೀಳಿಸಿದರು. ಅಲ್ಲಿನ ಗುಲಾಬಿ ಆಕಾರದ ಗಾಜಿನ ಕಿಟಕಿ ಕಾವಿಗೆ ಸುಮಾರು 40,000 ಚೂರಾಗಿ ಬಿರಿಯಿತು, ಆದರೆ ಚೂರುಗಳು ಕೆಳಗೆ ಬೀಳಲಿಲ್ಲ. ಸೀಸದ ಪಟ್ಟಿಗಳು ಹಿಡಿದುಕೊಂಡವು. ಈಗಲೂ ಅದೇ ಗಾಜು ಅಲ್ಲಿದೆ.

ನಾಲ್ಕು ವರ್ಷದಲ್ಲಿ ಓಕ್ ಮರದಿಂದ ಹೊಸ ಚಾವಣಿ ಎದ್ದಿತು. ಅದರ ಕೀಲುಗಳಲ್ಲಿ ಮರದ ಕೆತ್ತನೆಯ ಗುಂಡು ಬಿಲ್ಲೆಗಳಿವೆ. ಅವುಗಳಲ್ಲಿ ಆರಕ್ಕೆ ಮಕ್ಕಳ ಟಿವಿ ಕಾರ್ಯಕ್ರಮವೊಂದರ ಸ್ಪರ್ಧೆಯಲ್ಲಿ ಗೆದ್ದ ಮಕ್ಕಳೇ ಚಿತ್ರ ಮಾಡಿಕೊಟ್ಟರು. ಒಂದರಲ್ಲಿ ಚಂದ್ರನ ಮೇಲೆ ನಡೆಯುತ್ತಿರುವ ಮನುಷ್ಯ ಇದ್ದಾನೆ. ಅಷ್ಟು ಹಳೆಯ ಚರ್ಚಿನ ಮಾಡಿನಲ್ಲಿ ಚಂದ್ರಯಾನ! ಗೆಳೆಯ ನಕ್ಷೆಯಲ್ಲಿ ಅಲ್ಲೊಂದು ಚುಕ್ಕೆ ಇಟ್ಟು "ಕತ್ತೆತ್ತು" ಅಂತ ಬರೆದಿದ್ದ. ಬಹಳ ಹೊತ್ತು ಕತ್ತೆತ್ತಿ ನಿಂತೆ. ಹಳೆಯದನ್ನು ಉಳಿಸುವುದು ಅಂದರೆ ಹಳೆಯ ಹಾಗೇ ನಟಿಸುವುದಲ್ಲ, ನಮ್ಮ ಕಾಲದ್ದೂ ಒಂದು ಗುರುತು ಅದರಲ್ಲಿ ಇರಬಹುದು ಅಂತ ನನಗೆ ತುಂಬಾ ಸಂತೋಷವಾಯಿತು.

ನೆಲದ ಕೆಳಗೂ ಹೋಗಿ. 1967ರಲ್ಲಿ ನಡುಗೋಪುರದ ಬುಡ ಕುಸಿಯುತ್ತಿದೆ ಅಂತ ಗೊತ್ತಾಗಿ ಐದು ವರ್ಷ ಅಗೆದು, ಕಾಂಕ್ರೀಟು, ಉಕ್ಕಿನ ಸರಳು ಹಾಕಿ ಬುಡ ಭದ್ರ ಮಾಡಿದರು. ಅಗೆಯುವಾಗ ಕೆಳಗೆ ರೋಮನ್ ಕೋಟೆಯ ಮುಖ್ಯ ಕಟ್ಟಡ ಸಿಕ್ಕಿತು. ಕ್ರಿ.ಶ. 71ರಲ್ಲಿ ರೋಮನ್ ಸೈನ್ಯ ಕಟ್ಟಿದ ಎಬೊರಾಕಮ್ ಅನ್ನುವ ಠಾಣ್ಯವೇ ಈ ಊರಿನ ಬುಡ. 306ರಲ್ಲಿ ಕಾನ್‌ಸ್ಟಂಟೈನ್‌ನ ತಂದೆ ಇಲ್ಲೇ ತೀರಿಕೊಂಡಾಗ ಸೈನಿಕರು ಮಗನನ್ನು ಚಕ್ರವರ್ತಿ ಅಂತ ಕೂಗಿದ್ದು ಈ ಊರಿನಲ್ಲೇ. ಆ ನೆಲಮಾಳಿಗೆಯಲ್ಲಿ ರೋಮನ್ನರ ಚರಂಡಿಯೊಂದರಲ್ಲಿ ಇವತ್ತಿಗೂ ನೀರು ಹರಿಯುತ್ತದೆ.

ಎಲ್ಲವನ್ನೂ ಸರಿಪಡಿಸಲು ಆಗುವುದಿಲ್ಲ. ಇದನ್ನು ಹೇಳದೆ ಹೋದರೆ ಯಾರ್ಕ್ ಬಗ್ಗೆ ಅರ್ಧ ಸತ್ಯ ಹೇಳಿದ ಹಾಗೆ. ಊರಿನ ನಡುವೆ ಒಂದು ಮಣ್ಣಿನ ದಿಬ್ಬದ ಮೇಲೆ ಕ್ಲಿಫರ್ಡ್ಸ್ ಟವರ್ ಅನ್ನುವ ಕಲ್ಲಿನ ಕೋಟೆ ಇದೆ. ಅದಕ್ಕಿಂತ ಮುಂಚೆ ಅಲ್ಲಿದ್ದದ್ದು ಮರದ ಗೋಪುರ. 1190ರ ಮಾರ್ಚ್‌ನಲ್ಲಿ ಊರಿನ ಯೆಹೂದಿಗಳು, ಸುಮಾರು 150 ಜನ, ಹೆಂಡತಿ ಮಕ್ಕಳ ಸಮೇತ ದೊಂಬಿಗೆ ಹೆದರಿ ಅದರೊಳಗೆ ಸೇರಿಕೊಂಡರು. ಹೊರಗೆ ಮುತ್ತಿಗೆ ಹಾಕಿದವರಲ್ಲಿ ಅವರಿಂದ ಸಾಲ ತಗೊಂಡವರೂ ಇದ್ದರು. ಮಾರ್ಚ್ 16ರಂದು ಒಳಗಿದ್ದವರಲ್ಲಿ ಹೆಚ್ಚಿನವರು ಶತ್ರುಗಳ ಕೈಗೆ ಸಿಗುವುದಕ್ಕಿಂತ ತಾವೇ ಪ್ರಾಣ ಬಿಟ್ಟರು, ಗೋಪುರ ಸುಟ್ಟಿತು. ಮತ ಬದಲಿಸಿದರೆ ಬಿಡುತ್ತೇವೆ ಅನ್ನುವ ಮಾತು ನಂಬಿ ಹೊರಬಂದವರನ್ನೂ ಕೊಂದರು. ಆಮೇಲೆ ದೊಂಬಿಯವರು ನೇರ ಮಿನ್‌ಸ್ಟರಿಗೆ ಹೋಗಿ ಅಲ್ಲಿಟ್ಟಿದ್ದ ಸಾಲದ ಪತ್ರಗಳನ್ನು ಸುಟ್ಟು ಹಾಕಿದರು. ಅಲ್ಲಿಗೆ ದ್ವೇಷದ ಹಿಂದಿನ ಲೆಕ್ಕ ಗೊತ್ತಾಯಿತಲ್ಲ.

ದಿಬ್ಬದ ಬುಡದಲ್ಲಿ ಒಂದು ಫಲಕ ಇದೆ. ಇಳಿಜಾರಿನ ತುಂಬ ಡ್ಯಾಫೋಡಿಲ್. ಆ ಹೂವಿಗೆ ಆರು ಎಸಳು, ಯೆಹೂದಿಗಳ ನಕ್ಷತ್ರಕ್ಕೂ ಆರು ಮೂಲೆ. ಅದು ಅರಳುವುದು ಮಾರ್ಚ್‌ನಲ್ಲೇ. ಪಕ್ಕದಲ್ಲಿ ಜನ ಐಸ್‌ಕ್ರೀಂ ತಿನ್ನುತ್ತಿದ್ದರು, ಮಕ್ಕಳು ಮೆಟ್ಟಿಲು ಎಣಿಸುತ್ತಿದ್ದರು. ಅದರಲ್ಲಿ ತಪ್ಪೇನಿಲ್ಲ. ನಾನು ಫಲಕವನ್ನು ಎರಡು ಸಲ ಓದಿ ಸುಮ್ನೆ ಕೂತೆ.

ಉಳಿದದ್ದು ಬೇಗ ಹೇಳುತ್ತೇನೆ. ಶ್ಯಾಂಬಲ್ಸ್ ಬೀದಿ ಎಲ್ಲರೂ ಫೋಟೋ ತೆಗೆಯುವ ಜಾಗ. ಮೊದಲು ಕಟುಕರ ಬೀದಿ, ಈಗಲೂ ಕೆಲವು ಅಂಗಡಿಗಳ ಮುಂದೆ ಮಾಂಸ ನೇತುಹಾಕುವ ಕೊಕ್ಕೆಗಳಿವೆ. ಬೆಳಿಗ್ಗೆ ಬೇಗ ಹೋಗಿ, ಹನ್ನೊಂದರ ಮೇಲೆ ಕಾಲಿಡಲು ಜಾಗ ಇರುವುದಿಲ್ಲ. ರೈಲ್ವೆ ಮ್ಯೂಸಿಯಂಗೆ ಟಿಕೆಟ್ ಇಲ್ಲ. 1938ರ ಜುಲೈ 3ರಂದು ಗಂಟೆಗೆ 126 ಮೈಲಿ ಓಡಿ ಉಗಿ ಎಂಜಿನ್‌ಗಳ ದಾಖಲೆ ಮಾಡಿದ ಮ್ಯಾಲಾರ್ಡ್ ಅಲ್ಲಿದೆ. ನೀಲಿ ಬಣ್ಣ, ನೋಡಲು ಭಾರಿ ಚಂದ. ಕಾಪರ್‌ಗೇಟ್‌ನಲ್ಲಿ 1976ರಿಂದ 1981ರ ತನಕ ಅಗೆದಾಗ ಒದ್ದೆ ಮಣ್ಣಿನಲ್ಲಿ ವೈಕಿಂಗರ ಮರ, ಚರ್ಮ, ಬಟ್ಟೆ ಕೊಳೆಯದೆ ಉಳಿದಿತ್ತು, ಒಂದು ಉಣ್ಣೆಯ ಕಾಲುಚೀಲ ಸಹ. ಅದೇ ಜಾಗದಲ್ಲಿ ಯೋರ್ವಿಕ್ ಅನ್ನುವ ಮ್ಯೂಸಿಯಂ ಮಾಡಿದ್ದಾರೆ. 2015ರ ನೆರೆ ಅದರೊಳಗೂ ನುಗ್ಗಿತು. ವಸ್ತುಗಳನ್ನು ಹೊರಗೆ ಸಾಗಿಸಿದರು, ಒಳಗೆಲ್ಲ ಹೊಸದಾಗಿ ಕಟ್ಟಿ 2017ರಲ್ಲಿ ಮತ್ತೆ ತೆರೆದರು.

ಚಾಕೊಲೇಟಿನ ವಿಷಯ ಮಾತ್ರ ಬೇಗ ಮುಗಿಸಲಾರೆ. ಕಿಟ್‌ಕ್ಯಾಟ್ ಗೊತ್ತಲ್ಲ, 1935ರಲ್ಲಿ ಹುಟ್ಟಿದ್ದು ಯಾರ್ಕ್‌ನ ರೌನ್‌ಟ್ರೀ ಕಾರ್ಖಾನೆಯಲ್ಲಿ, ಆಗ ಅದಕ್ಕೆ ಬೇರೆ ಹೆಸರಿತ್ತು. ಈ ರೌನ್‌ಟ್ರೀ ಮನೆತನದವರು ಕ್ವೇಕರ್ ಅನ್ನುವ ಕ್ರೈಸ್ತ ಪಂಥದವರು. ಜೋಸೆಫ್ ರೌನ್‌ಟ್ರೀ ಊರಾಚೆ ನ್ಯೂ ಇಯರ್ಸ್‌ವಿಕ್‌ನಲ್ಲಿ 1902ರಿಂದ ಕೂಲಿಯವರ ಕೈಗೆಟುಕುವ ಒಳ್ಳೆ ಮನೆಗಳನ್ನು ಕಟ್ಟಿಸಿದ. ಅವನ ಮಗ ಸೀಬೋಮ್ ಜನರನ್ನು ಮನೆಮನೆಗೆ ಕಳಿಸಿ, ಯಾರ ಆದಾಯ ಎಷ್ಟು, ಹೊಟ್ಟೆಗೆ ಎಷ್ಟು ಸಾಲುತ್ತೆ ಅಂತ ಲೆಕ್ಕ ಹಾಕಿಸಿ 1901ರಲ್ಲಿ ಪ್ರಕಟಿಸಿದ. ಊರಿನ ಶೇ. 28ರಷ್ಟು ಜನ ಬಡತನದಲ್ಲಿದ್ದರು. ಸೋಮಾರಿಗಳು ಬಡವರಾಗುತ್ತಾರೆ ಅಂತ ಎಲ್ಲ ಹೇಳುತ್ತಿದ್ದ ಕಾಲದಲ್ಲಿ, ದಿನವೂ ದುಡಿದರೂ ಕೂಲಿ ಸಾಲದೆ ಜನ ಬಡವರಾಗಿದ್ದಾರೆ ಅಂತ ಅಂಕಿ ಇಟ್ಟು ತೋರಿಸಿದ. ನನ್ನ ಮಟ್ಟಿಗೆ ಮಿನ್‌ಸ್ಟರಿನ ಕಿಟಕಿಯಷ್ಟೇ ದೊಡ್ಡ ಕೆಲಸ ಇದು. ನಾನು ಮೊದಲ ದಿನ ನೀರಿನಲ್ಲಿ ನೋಡಿದ ಪಾರ್ಕ್ ಕೂಡ ಮೊದಲ ಮಹಾಯುದ್ಧದಲ್ಲಿ ಸತ್ತ ಕಾರ್ಖಾನೆ ಕೆಲಸಗಾರರ ನೆನಪಿಗೆ 1921ರಲ್ಲಿ ಆ ಕಂಪನಿ ಊರಿಗೆ ಕೊಟ್ಟದ್ದು.

ಮೂರನೆಯ ದಿನ ಗೆಳೆಯನಿಗೆ ರಜೆ. ಸಂಜೆ ಮಿನ್‌ಸ್ಟರಿಗೆ ಕರೆದುಕೊಂಡು ಹೋದ. ಹಗಲು ನೋಡಲು ಹೊರಗಿನವರಿಗೆ ಟಿಕೆಟ್ ಇದೆ, ಊರಿನವರಿಗೆ ಇಲ್ಲ. ಸಂಜೆಯ ಹಾಡಿನ ಪ್ರಾರ್ಥನೆಗೆ ಯಾರು ಬೇಕಾದರೂ ಹೋಗಿ ಕೂರಬಹುದು, ಯಾವ ಧರ್ಮದವರಾದರೂ ಸರಿ. ಮಕ್ಕಳ, ದೊಡ್ಡವರ ದನಿ ಸೇರಿ ಮೇಲಕ್ಕೆ ಹೋಗಿ ಕಲ್ಲಿನ ಕಮಾನಿಗೆ ತಾಗಿ ಸ್ವಲ್ಪ ತಡವಾಗಿ ಕೆಳಗೆ ಬರುತ್ತಿತ್ತು. ಅವನು ಕಣ್ಣು ಮುಚ್ಚಿ ಕೂತಿದ್ದ.

ಹೊರಗೆ ಬಂದ ಮೇಲೆ ಹೇಳಿದ. ಅಮ್ಮ ತೀರಿಕೊಂಡ ವರ್ಷ ಪಾಳಿ ಮುಗಿಸಿ ಮನೆಗೆ ಹೋಗಲು ಆಗದೆ ಇಲ್ಲಿ ಬಂದು ಕೂರುತ್ತಿದ್ದನಂತೆ. ಪೂಜೆಗೂ ಅಲ್ಲ, ಹಾಡಿಗೂ ಅಲ್ಲ. "ನಾನು ಕೂರ್ತಿದ್ದ ಕಡೆ ಎದುರಿಗೇ ಒಬ್ಬ ಕೆಲಸದವನು ಅಟ್ಟಣಿಗೆ ಮೇಲೆ ಕೂತು ಒಂದೇ ಕಲ್ಲನ್ನ ವಾರಗಟ್ಟಲೆ ಸರಿ ಮಾಡ್ತಿದ್ದ. ಅವನನ್ನ ನೋಡ್ತಾ ಕೂರ್ತಿದ್ದೆ." ನಾನು ಏನೂ ಹೇಳಲಿಲ್ಲ. ಅಮ್ಮನ ಕೊನೆಯ ದಿನದ ಬಗ್ಗೆ ಅವನು ಮೊದಲ ಸಲ ಕೇಳಿದ್ದು ಅವತ್ತು, ಮಿನ್‌ಸ್ಟರಿನಿಂದ ಮನೆಗೆ ನಡೆಯುವ ದಾರಿಯಲ್ಲಿ. ಯಾರು ಯಾರು ಬಂದಿದ್ದರು, ಮಳೆ ಇತ್ತಾ, ಅಕ್ಕ ಏನಂದಳು, ತುಳಸಿ ಕಟ್ಟೆ ಹತ್ತಿರ ಇಟ್ಟಿದ್ದರಾ. ನನಗೆ ನೆನಪಿದ್ದದ್ದನ್ನೆಲ್ಲ ಹೇಳಿದೆ. ಸೇತುವೆ ಮೇಲೆ ಎರಡು ಸಲ ನಿಂತೆವು. ಮನೆ ತಲುಪಲು ಒಂದೂವರೆ ಗಂಟೆ ಹಿಡಿಯಿತು.

ಅವತ್ತು ರಾತ್ರಿ ಫಿಲ್ಟರ್ ಕೊಟ್ಟೆ. ಮೂರು ದಿನ ಯಾಕೆ ಕೊಡಲಿಲ್ಲ ಅಂತ ಅವನು ಕೇಳಲಿಲ್ಲ. ಸೀರೆಯ ತುಂಡು ಬಿಚ್ಚಿ, ಮಡಿಸಿ, ಪಕ್ಕಕ್ಕಿಟ್ಟ. ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಹುಣಸೆಹಣ್ಣು ಹಾಕಿ ತಿಕ್ಕಿ ಫಿಲ್ಟರ್ ಥಳಥಳ ಮಾಡಿದ್ದ. ನಾನೇ ಒಯ್ದಿದ್ದ ಕಾಫಿ ಪುಡಿ ಹಾಕಿ ಬಿಸಿನೀರು ಹೊಯ್ದಿದ್ದ. ಮುಚ್ಚಳ ಇರಲಿಲ್ಲವಲ್ಲ, ಮೇಲೆ ಒಂದು ಸಣ್ಣ ಸಾಸರ್ ಬೋರಲು ಹಾಕಿದ್ದ. ಅಳತೆ ಸರಿಯಾಗಿ ಕೂತಿತ್ತು.